ಚೀಟಿ ಎತ್ತಿ ಸಾಲ ತೀರಿಸಬಹುದಾ?

ಓದುಗರ ಪ್ರಶ್ನೆ: ಸರ್, ನಮಗೆ ಮೂರು ಕಡೆ ಸಾಲ ಇದೆ. ಒಡವೆ ಬ್ಯಾಂಕಿನಲ್ಲಿದೆ. ಒಂದು ಲಕ್ಷದ ಚೀಟಿ ನಡೀತಾ ಇದೆ, ಇನ್ನೂ ಎತ್ತಿಲ್ಲ. ಅದನ್ನ ಎತ್ತಿ ಒಡವೆ ಬಿಡಿಸಿಕೊಂಡರೆ ಒಂದು ಸಾಲ ಕಮ್ಮಿ ಆಗುತ್ತಲ್ವಾ? ಹೇಗೂ ಚೀಟಿಗೆ ಬಡ್ಡಿ ಇಲ್ಲ.

ಕೇಳುವವರ ಊರು ಬದಲಾಗುತ್ತೆ, ಒಡವೆಯ ತೂಕ ಬದಲಾಗುತ್ತೆ. ಆ ಕೊನೆಯ ಮಾತು ಮಾತ್ರ ಬದಲಾಗಲ್ಲ. ಚೀಟಿಗೆ ಬಡ್ಡಿ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತ 31 ವರ್ಷವೂ ಇದನ್ನು ಕೇಳಿದ್ದೇನೆ. ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಮೊನ್ನೆ ಒಂದು ಮದುವೆಯಲ್ಲಿ ಎಲೆ ಮುಂದೆ ಕೂತಿದ್ದಾಗ ಪಕ್ಕದವರು ಇದೇ ಪ್ರಶ್ನೆ ತೆಗೆದರು. ಹೋಳಿಗೆ ಆರಿಹೋಯಿತು, ಲೆಕ್ಕ ಮುಗಿಯಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಓದೋಕೆ ಕೊಡುತ್ತೇನೆ.

ಮೊದಲು ಚಿಕ್ಕ ಉತ್ತರ. ಬ್ಯಾಂಕಿನಿಂದ ಒಡವೆ ಬಿಡಿಸೋಕೆ ಚೀಟಿ ಎತ್ತಬೇಡಿ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಯ ಕೈಸಾಲ ತೀರಿಸೋಕಾದರೆ ಎತ್ತಿ. ಯಾಕೆ ಅಂತ ಗೊತ್ತಾಗಬೇಕಾದರೆ ಪೆನ್ನು ಕಾಗದ ತಗೊಳ್ಳಿ.

20 ಜನ, ತಿಂಗಳಿಗೆ 5,000, 20 ತಿಂಗಳು. ಒಂದು ಲಕ್ಷದ ಚೀಟಿ. ಸೇರಿದ ದುಡ್ಡನ್ನು ತಿಂಗಳಿಗೊಬ್ಬರು ಎತ್ತುತ್ತಾರೆ. ಮೂರನೇ ತಿಂಗಳು ನಿಮಗೆ ಅರ್ಜೆಂಟು. ನಿಮ್ಮ ಹಾಗೇ ಇನ್ನಿಬ್ಬರಿಗೂ ಅರ್ಜೆಂಟು. ಲಕ್ಷದಲ್ಲಿ ಇಷ್ಟು ಬಿಡ್ತೀನಿ ಅಂತ ಹರಾಜಿನ ಹಾಗೆ ಕೂಗುತ್ತೀರಿ, ಜಾಸ್ತಿ ಬಿಟ್ಟವರಿಗೆ ಚೀಟಿ. ಕೂಗು ಏರುತ್ತಾ ಹೋಗಿ 25,000ಕ್ಕೆ ನಿಲ್ಲುತ್ತದೆ. ಅಷ್ಟು ಬಿಟ್ಟು ನೀವು 75,000 ಎತ್ತುತ್ತೀರಿ. ಬಿಟ್ಟ 25,000ದಲ್ಲಿ ಚೀಟಿ ನಡೆಸುವವರಿಗೆ ಕಮಿಷನ್ 5,000. ಉಳಿದ 20,000 ಇಪ್ಪತ್ತು ಜನಕ್ಕೂ ಸಾವಿರದಂತೆ ಹಂಚಿಕೆ. ಅಂದರೆ ಆ ತಿಂಗಳು ಎಲ್ಲರೂ 4,000 ಕಟ್ಟಿದರೆ ಸಾಕು. ಆ ಸಾವಿರ ನಿಮಗೂ ಬರುತ್ತೆ. ಎಡವಟ್ಟು ಇಲ್ಲೇ. ಕಟ್ಟೋದು ಕಮ್ಮಿ ಆಯ್ತಲ್ಲ, ಬಡ್ಡಿ ಎಲ್ಲಿಂದ ಬಂತು ಅಂತೀರಿ.

ಕೈಗೆ ಬಂದ 75,000ದಲ್ಲಿ ನಿಮ್ಮದೇ ದುಡ್ಡು ಎಷ್ಟು? ಮೂರು ಕಂತು, 4,000ದ ಲೆಕ್ಕದಲ್ಲಿ 12,000. ಮಿಕ್ಕ 63,000 ಉಳಿದ ಹತ್ತೊಂಬತ್ತು ಜನರದ್ದು. ಅವರದ್ದು ನಿಮ್ಮ ಕೈಲಿದ್ದರೆ ಅದು ಸಾಲ, ಬೇರೆ ಹೆಸರಿಲ್ಲ. ಇನ್ನು 17 ತಿಂಗಳು ಕಟ್ಟಬೇಕು. ಮೊದಮೊದಲು 4,000. ಅರ್ಜೆಂಟಿನವರೆಲ್ಲ ಎತ್ತಿಕೊಂಡು ಹೋದ ಹಾಗೆ ಕೂಗು ಇಳಿಯುತ್ತೆ, ಕಂತು ಏರುತ್ತೆ, ಕೊನೆಗೆ ಪೂರ್ತಿ 5,000. ಸರಾಸರಿ 4,500 ಅಂದುಕೊಳ್ಳಿ. ಒಟ್ಟು 76,500 ಆಯಿತು. ತಗೊಂಡದ್ದಕ್ಕಿಂತ 13,500 ಜಾಸ್ತಿ.

ಇಲ್ಲಿಗೆ ಬಂದಾಗ ಲೆಕ್ಕ ಬಲ್ಲವರು ಒಬ್ಬರು ಕೈ ಎತ್ತುತ್ತಾರೆ. "ಹದಿನೇಳು ತಿಂಗಳಿಗೆ ನೂರಕ್ಕೆ 21. ವರ್ಷಕ್ಕೆ 15 ಆಯ್ತು. ಅಷ್ಟೇನೂ ಇಲ್ಲವಲ್ಲ ಸರ್?" ಇಲ್ಲ ಸ್ವಾಮಿ. 63,000 ಹದಿನೇಳು ತಿಂಗಳೂ ನಿಮ್ಮ ಹತ್ತಿರ ಇರಲ್ಲ. ತಿಂಗಳು ತಿಂಗಳು ವಾಪಸ್ ಕೊಡ್ತಾನೇ ಇದ್ದೀರಿ. ಅರ್ಧ ದಾರಿಗೆ ಬರುವಾಗ ಅದರಲ್ಲಿ ಸುಮಾರು ಅರ್ಧ ಮಾತ್ರ ಉಳಿದಿರುತ್ತೆ. ಅದನ್ನೂ ಸೇರಿಸಿ ಹಾಕಿದರೆ ತಿಂಗಳಿಗೆ ಎರಡು ರೂಪಾಯಿ ಚಿಲ್ಲರೆ ಬಡ್ಡಿ, ವರ್ಷಕ್ಕೆ 26ರ ಆಸುಪಾಸು. ಬ್ಯಾಂಕಿನ ಒಡವೆ ಸಾಲ ವರ್ಷಕ್ಕೆ 10ರ ಆಸುಪಾಸಿನಲ್ಲಿ ಸಿಗುತ್ತೆ. ಹತ್ತರ ಸಾಲ ತೀರಿಸೋಕೆ ಇಪ್ಪತ್ತಾರರ ಸಾಲ ಮಾಡಿದ ಹಾಗಾಯಿತು. ಸರ ಕುತ್ತಿಗೆಗೆ ಬಂತು ಅನ್ನೋದು ನಿಜ.

"ಆದ್ರೂ ಬಡ್ಡಿ ಅಂತ ಯಾರೂ ಕೇಳಲ್ವಲ್ಲ?" ಯಾಕೆ ಕೇಳಬೇಕು? ಮೊದಲೇ ಹಿಡ್ಕೊಂಡಾಗಿದೆ. ಫೈನಾನ್ಸಿನವನು ಬಡ್ಡಿ ಮುರ್ಕೊಂಡು ದುಡ್ಡು ಕೊಟ್ಟರೆ ಮೀಟರ್ ಬಡ್ಡಿ ಅಂತ ಬಾಯಿಗೆ ಬಂದ ಹಾಗೆ ಬೈತೀವಿ. ಅದೇ ಮುರಿಯೋ ಮೊತ್ತವನ್ನು ನಾವೇ ಕೂತು ಕೂಗಿದರೆ ಅದು ಉಳಿತಾಯ!

ನಾನೇನು ಚೀಟಿಯ ವೈರಿಯಲ್ಲ. ನಮ್ಮ ಮನೆಯ ಮೊದಲ ಫ್ರಿಜ್ ಚೀಟಿಯದ್ದೇ. ಕೊನೆಯವರೆಗೆ ಕಾದು ಎತ್ತುವವರಿಗೆ ಅದು ಉಳಿತಾಯವೇ. ಅವರಿಗೆ ಸಿಗುವ ಲಾಭ ಮೂರನೇ ತಿಂಗಳು ಎತ್ತಿದವರ ಜೇಬಿನದು, ಅಷ್ಟೇ. ಚೀಟಿಗೆ ಕಾನೂನೂ ಇದೆ, 1982ರ ಚಿಟ್ ಫಂಡ್ ಕಾಯ್ದೆ. ನಡೆಸುವವರ ಕಮಿಷನ್ ನೂರಕ್ಕೆ 5 ಮೀರಬಾರದು ಅಂತಿತ್ತು, 2019ರ ತಿದ್ದುಪಡಿಯಲ್ಲಿ 7 ಮಾಡಿದರು. ಶುರು ಮಾಡೋಕೆ ಮುಂಚೆ ರಿಜಿಸ್ಟ್ರಾರ್ ಅನುಮತಿ ಬೇಕು. ನಮ್ಮ ರಾಜ್ಯದಲ್ಲಿ ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ. ಪಕ್ಕದ ಬೀದಿಯ ನೋಟ್‌ಬುಕ್ ಚೀಟಿಗೆ ಇದ್ಯಾವುದೂ ಇರಲ್ಲ. ನಡೆಸುವವರು ಒಂದು ರಾತ್ರಿ ಮನೆ ಖಾಲಿ ಮಾಡಿದರೆ ನಿಮ್ಮ ಹತ್ತಿರ ಉಳಿಯೋದು ಆ ನೋಟ್‌ಬುಕ್ಕಿನ ಫೋಟೋ.

ಇದರ ತಮ್ಮನಂಥ ಇನ್ನೊಂದು ತಪ್ಪಿದೆ. ಕ್ರೆಡಿಟ್ ಕಾರ್ಡಿಗೆ ಬರೀ ಮೂರೂವರೆ ತಾನೇ ಅಂತಾರೆ ಈಗಿನ ಹುಡುಗರು. ಅದು ತಿಂಗಳಿಗೆ ಕಣಪ್ಪ, ವರ್ಷಕ್ಕೆ 42. ಐದು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 60. ಯಾವ ಸಾಲದ ಮಾತು ಬಂದರೂ ತಿಂಗಳದ್ದೋ ವರ್ಷದ್ದೋ ಅಂತ ಮೊದಲು ಕೇಳಿ.

ಈಗ ನಿಮ್ಮ ಪ್ರಶ್ನೆಯ ಮೊದಲ ಸಾಲಿಗೆ ಬರ್ತೀನಿ. ಮೂರು ಕಡೆ ಸಾಲ ಅಂದಿರಿ. ಬೇಜಾರು ಮಾಡ್ಕೋಬೇಡಿ, ನಾನು ನಂಬಲ್ಲ. ಮೂರು ಅಂದವರ ಮನೆಯಲ್ಲಿ ಮೂರೇ ಇದ್ದದ್ದು ನಾನು ನೋಡಿಲ್ಲ.

ತುಮಕೂರಿನ ಕಡೆ ಒಂದು ಮನೆ. ಯಜಮಾನರು ಲಗೇಜ್ ಆಟೋ ಓಡಿಸುತ್ತಾರೆ. ಹೆಂಡತಿ ಬ್ಲೌಸ್ ಹೊಲಿಯುತ್ತಾರೆ. ಮಗಳು ಆಗ ಸೆಕೆಂಡ್ ಪಿಯುಸಿ. ಅಜ್ಜಿಯೂ ಇದ್ದಾರೆ. ಒಂದು ಸಂಜೆ ನನ್ನನ್ನು ಕರೆದು ಕೂರಿಸಿದರು. ಗೋಡೆಯ ಕ್ಯಾಲೆಂಡರಿನ ಹಳೇ ತಿಂಗಳ ಹಾಳೆ ಹರಿದು, ಹಿಂಭಾಗದ ಖಾಲಿ ಜಾಗದಲ್ಲಿ ಮಗಳು ಬರೆಯೋಕೆ ಶುರು ಮಾಡಿದಳು. ಮುಂಭಾಗದಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಕು.

ಅಪ್ಪ ನಾಲ್ಕು ಸಾಲ ಹೇಳಿದರು. ಆಟೋ ಕಂತು, ಒಡವೆ, ಕಾರ್ಡು, ಮಾರ್ಕೆಟ್ಟಿನ ಒಬ್ಬರ ಹತ್ತಿರ ಐದು ರೂಪಾಯಿ ಬಡ್ಡಿಯ 40,000. ಮಗಳು ಗೆರೆ ಎಳೆಯುವಾಗ ಅಮ್ಮ ನಿಧಾನಕ್ಕೆ ಹೇಳಿದರು, "ಸಂಘದ್ದು 38,000 ಇದೆ." ಅಪ್ಪನಿಗೆ ಆಶ್ಚರ್ಯ. "ಅದು ತೀರಿತಲ್ಲ?" "ತೀರಿತ್ತು. ಮತ್ತೆ ತಗೊಂಡೆ. ನಿಮ್ಮ ಗಾಡಿ ಟೈರಿಗೆ ದುಡ್ಡು ಎಲ್ಲಿಂದ ಬಂತು ಅಂದ್ಕೊಂಡ್ರಿ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗಳೇ ಕೇಳಿದಳು, "ಪ್ರತಿ ತಿಂಗಳು 5ನೇ ತಾರೀಕು ಹಿಂದಿನ ಬೀದಿ ಆಂಟಿಗೆ ಕೊಡೋದು ಯಾವ ದುಡ್ಡು?" "ಅದು ಸಾಲ ಅಲ್ಲ ಕಣೇ, ಚೀಟಿ." ಎತ್ತಿ ಎಂಟು ತಿಂಗಳಾಗಿತ್ತು! ನಾನು ಮೇಲಿನ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕಾಯಿತು. ಕೊನೆಗೆ ಅಜ್ಜಿ, ದಿನಸಿ ಅಂಗಡಿಯಲ್ಲಿ ಎಲೆ ಅಡಿಕೆ ಬಾಬ್ತು 1,800 ಬಾಕಿ ಇದೆ ಅಂತ ಒಪ್ಪಿಕೊಂಡರು. ನಾಲ್ಕು ಏಳಾಯಿತು.

ಆ ಮೇಲೆ ಪಟ್ಟಿಯನ್ನು ಬಡ್ಡಿಯ ಲೆಕ್ಕದಲ್ಲಿ ಮತ್ತೆ ಬರೆಸಿದೆ. ಎಲ್ಲಕ್ಕೂ ಮೇಲೆ ಐದು ರೂಪಾಯಿಯ ಕೈಸಾಲ. ಆಮೇಲೆ ಕಾರ್ಡು. ಸಂಘ, ಚೀಟಿ, ಆಟೋ ಮಧ್ಯದಲ್ಲಿ. ಅಪ್ಪ ಮೊದಲು ತೀರಿಸಬೇಕು ಅಂತಿದ್ದ ಒಡವೆ ಸಾಲ ಅಂಗಡಿ ಬಾಕಿಯ ಮೇಲೆ, ಅಂದರೆ ಕೆಳಗಿನಿಂದ ಎರಡನೆಯದು. ಎಲ್ಲದಕ್ಕೂ ಕಂತೋ ಬಡ್ಡಿಯೋ ತಪ್ಪದೆ ಹೋಗಬೇಕು. ಒಡವೆಯ ಬಡ್ಡಿ ಬಿಟ್ಟರೆ ಹರಾಜಿಗೆ ಬರುತ್ತೆ. ಮಿಕ್ಕಿದ ಪ್ರತಿ ರೂಪಾಯಿ ಮೇಲಿನ ಸಾಲಿಗೆ. ಮದುವೆಗೆ ಹಾಕ್ಕೊಳ್ಳೋಕೆ ಸರ ಬೇಡವಾ ಅಂತ ಅಪ್ಪ ಕೇಳಿದಾಗ ಅಮ್ಮ, "ಕಿವಿಯಲ್ಲಿರೋದು ಸಾಕು" ಅಂದರು. ಕೈಸಾಲ ಒಂಬತ್ತು ತಿಂಗಳಲ್ಲಿ ತೀರಿತು.

ಹಾಳೆಯನ್ನು ಅಡುಗೆಮನೆ ಬಾಗಿಲಿನ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಅಂಟಿಸಿದರು. ಮಾನ ಹೋಗುತ್ತೆ ಅಂತ ಅಜ್ಜಿ ಗೊಣಗಿದ್ದೇ ಗೊಣಗಿದ್ದು. ಆದದ್ದೇ ಬೇರೆ. ಕೈಸಾಲ ಕೇಳೋಕೆ ಬಂದಿದ್ದ ನೆಂಟರೊಬ್ಬರು ಹಾಳೆ ಓದಿ, ಕಾಫಿ ಕುಡಿದು, ಬಂದ ವಿಷಯವನ್ನೇ ಎತ್ತದೆ ಹೋದರು.

ಸಂಘದ ಸಾಲ, ಅಂದರೆ ಹೆಂಗಸರ ಗುಂಪಿಗೆ ಮೈಕ್ರೋಫೈನಾನ್ಸ್ ಕಂಪನಿಯವರು ಕೊಡುವ ಸಾಲದ ಬಗ್ಗೆ ಒಂದು ಮಾತು. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆಯಲ್ಲಿ ವಸೂಲಿಗಾಗಿ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತಿತ್ತು. ಆಮೇಲೆ ಅದೇ ಕಾಯ್ದೆಯಾಯಿತು. ಅದನ್ನು ಕೇಳಿ ಸಾಲವೇ ಮನ್ನಾ ಆಯ್ತು ಅಂತ ಕಂತು ನಿಲ್ಲಿಸಿದವರಿದ್ದಾರೆ. ಆರ್‌ಬಿಐ ನೋಂದಣಿ ಇರುವ ಕಂಪನಿಯ ಸಾಲ ಮನ್ನಾ ಆಗಿಲ್ಲ. ಕಟ್ಟಲೇಬೇಕು.

ಯಾರೂ ಕೇಳದ ಒಂದು ಪ್ರಶ್ನೆ ನನಗೆ ಬಹಳ ದಿನದಿಂದ ತಲೆಯಲ್ಲಿದೆ. ಮುಯ್ಯಿ ಸಾಲವಾ? ನಿಮ್ಮ ಮದುವೆಗೆ ಯಾರೋ ಕೊಟ್ಟದ್ದನ್ನು ನೋಟ್‌ಬುಕ್ಕಿನಲ್ಲಿ ಹೆಸರು ಸಮೇತ ಬರೆದಿಟ್ಟಿರುತ್ತಾರೆ. ಅವರ ಮನೆ ಮದುವೆಗೆ ಅದನ್ನು ತೀರಿಸಬೇಕು. ಬಡ್ಡಿ ಇಲ್ಲ. ಚೀಟಿಯ ಬಗ್ಗೆ ನೀವೆಲ್ಲ ಏನು ನಂಬಿದ್ದೀರೋ ಅದು ಮುಯ್ಯಿಯ ವಿಷಯದಲ್ಲಿ ನಿಜ. ತೊಂದರೆ ಒಂದೇ. ಯಾವತ್ತು ತೀರಿಸಬೇಕು ಅನ್ನೋದು ನಿಮ್ಮ ಕೈಲಿಲ್ಲ. ಲಗ್ನಪತ್ರಿಕೆ ಬಂದ ದಿನವೇ ಗಡುವು. ಮಾಘ, ವೈಶಾಖದಲ್ಲಿ ವಾರಕ್ಕೆ ಎರಡು ಬಂದರೆ ಕಾರ್ಡಿನ ಕಂತು ತಪ್ಪೋದು ಹಾಗೆಯೇ.

ಆ ಮನೆಯಲ್ಲಿ ಇದನ್ನು ಹೇಳಿದೆ. ಅಜ್ಜಿ ಒಳಗೆ ಹೋಗಿ ಟ್ರಂಕಿನಿಂದ ಮಗನ ಮದುವೆಯ ಮುಯ್ಯಿ ಪುಸ್ತಕ ತಂದರು. ನಾಲ್ಕು ಮೂಲೆಗೂ ಅರಿಶಿನ. ಮುಂದಿನ ತಿಂಗಳು ಯಾರ ಮನೆ ಮದುವೆ ಇತ್ತೋ ಅವರ ಹೆಸರಿನ ಮುಂದೆ 101 ರೂಪಾಯಿ ಅಂತಿತ್ತು.

"ಇಷ್ಟು ವರ್ಷದ ಬಡ್ಡಿ ಹಾಕಬೇಕಾ ಸರ್?" ಮಗಳು ಪೆನ್ನು ಹಿಡಿದೇ ಕೂತಿದ್ದಳು.

"ಮುಯ್ಯಿಗೆ ಬಡ್ಡಿ ಇಲ್ಲಮ್ಮ," ಅಂದೆ.

ಅಜ್ಜಿ ಒಪ್ಪಲಿಲ್ಲ. "ನೂರಾ ಒಂದು ಕೊಟ್ಟು ನಾಲ್ಕು ಜನ ಹೋಗಿ ಊಟಕ್ಕೆ ಕೂರೋಕಾಗುತ್ತಾ?" ಅರ್ಧ ಗಂಟೆ ಚರ್ಚೆಯಾಗಿ 500ಕ್ಕೆ ನಿಂತಿತು. ಮಗಳು ಅದನ್ನು ಪಟ್ಟಿಯ ಕೊನೆಯಲ್ಲಿ ಎಂಟನೆಯದಾಗಿ ಬರೆದಳು.