ರೆಮ್‌ಡೆಸಿವಿರ್ ಕೊಟ್ಟಾಗ ನಾಡಿ ಇಳಿದರೆ

ಕೋವಿಡ್ ನ್ಯುಮೋನಿಯಾಗೆ ಅಡ್ಮಿಟ್ ಆದವರಿಗೆ ರೆಮ್‌ಡೆಸಿವಿರ್ ಎಂಬ ಆಂಟಿವೈರಲ್ (ವೈರಸ್ ತಡೆಯುವ ಔಷಧಿ) ಡ್ರಿಪ್ ಶುರುವಾಗಿ ಎರಡು ಮೂರು ದಿನ ಆಗಿರುತ್ತದೆ. ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಆದರೆ ಮಾನಿಟರ್‌ನಲ್ಲಿ ನಾಡಿ 84 ಇದ್ದದ್ದು 48ಕ್ಕೆ ಬಂದಿದೆ. ಪಕ್ಕದಲ್ಲಿ ಕೂತ ಮಗಳ ಕಣ್ಣು ಆ ನಂಬರ್ ಮೇಲೇ. "ಡಾಕ್ಟ್ರೇ, ಅಪ್ಪಂಗೆ ಹಾರ್ಟ್ ತೊಂದರೆ ಏನಾದ್ರೂ ಆಯ್ತಾ?"

ಬಹುತೇಕ ಸಲ ಇಲ್ಲ. ಈ ಔಷಧಿಯ ರಚನೆ ನಮ್ಮ ದೇಹದಲ್ಲೇ ಇರುವ ಅಡೆನೋಸಿನ್ ಅನ್ನು ಹೋಲುತ್ತದೆ. ಎದೆ ವಿಪರೀತ ಹೊಡೆದುಕೊಳ್ಳುವ ಒಂದು ಬಗೆಯ ತೊಂದರೆಗೆ ಎಮರ್ಜೆನ್ಸಿಯಲ್ಲಿ ಅಡೆನೋಸಿನನ್ನೇ ಕೊಟ್ಟು ಬಡಿತ ಇಳಿಸುತ್ತೇವೆ. ಹಾಗಾಗಿ ರೆಮ್‌ಡೆಸಿವಿರ್ ಕೂಡ ಬಡಿತ ತಗ್ಗಿಸಿದರೆ ಆಶ್ಚರ್ಯ ಇಲ್ಲ. ಜ್ವರ ಇಳಿದಾಗಲೂ, ನಿದ್ದೆಯಲ್ಲೂ ನಾಡಿ ಹೇಗೂ ಕಮ್ಮಿಯಾಗುತ್ತದೆ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಇದೇ ವೈಲ್‌ಗಾಗಿ ಬೆಂಗಳೂರೆಲ್ಲ ಅಲೆದವರಿದ್ದರು. ಆ ಗಡಿಬಿಡಿಯಲ್ಲಿ ನಾಡಿಯ ಬಗ್ಗೆ ಕೇಳಲು ಯಾರಿಗೆ ಪುರುಸೊತ್ತು?

ನಾವು ನಂಬರ್‌ಗಿಂತ ಮನುಷ್ಯನನ್ನು ನೋಡುತ್ತೇವೆ. ಬಿಪಿ ಸರಿ ಇದೆಯಾ, ತಲೆ ಸುತ್ತುತ್ತಿದೆಯಾ, ಮಾತು ಸ್ಪಷ್ಟವಾಗಿದೆಯಾ, ಮೂತ್ರ ಹೋಗುತ್ತಿದೆಯಾ? ಒಂದು ಇಸಿಜಿ ತೆಗೆಸುತ್ತೇವೆ. ಎಲ್ಲ ಸರಿ ಇದ್ದರೆ ಕೋರ್ಸ್ ಮುಗಿಸುವುದೇ ಒಳ್ಳೆಯದು. ಡ್ರಿಪ್ ನಿಂತ ಮೇಲೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ನಾಡಿ ಮೇಲೇರುತ್ತದೆ. ಬಿಪಿ ಬಿದ್ದರೆ, ಎಚ್ಚರ ತಪ್ಪಿದರೆ ಮಾತು ಬೇರೆ. ಆಗ ಔಷಧಿ ನಿಲ್ಲಿಸಬೇಕು.

ನನಗೆ ಜಾಸ್ತಿ ಚಿಂತೆ ಮನೆಯಿಂದ ಬಂದ ಮಾತ್ರೆಗಳದ್ದು. ಬಿಪಿಗೆ ಅಂತ ಮೆಟೊಪ್ರೊಲಾಲ್ ತಗೊಳ್ಳುವವರು ನಮ್ಮೂರಲ್ಲಿ ಬಹಳ. ಅದೂ ನಾಡಿ ಇಳಿಸುತ್ತದೆ. ಎರಡೂ ಸೇರಿದಾಗ ನಾವು ಮುಟ್ಟುವುದು ಮೊದಲು ಮೆಟೊಪ್ರೊಲಾಲ್‌ನ ಡೋಸನ್ನು, ಆಂಟಿವೈರಲನ್ನಲ್ಲ.

ರಿಟೊನಾವಿರ್ ಇರುವ ಔಷಧಿಗಳ ತಕರಾರು ಇನ್ನೊಂದು ಥರ. ಕೋವಿಡ್‌ಗೆ ಐದು ದಿನ ಕೊಡುವ ನಿರ್ಮಾಟ್ರೆಲ್ವಿರ್ ಎಂಬ ಆಂಟಿವೈರಲ್ ಮಾತ್ರೆಯ ಜೊತೆ ಇರುವುದು ಇದೇ. ಇದು ಲಿವರ್‌ನಲ್ಲಿ ಔಷಧಿಗಳನ್ನು ಕರಗಿಸುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಬಿಪಿ ಮಾತ್ರೆ ಅಮ್ಲೊಡಿಪಿನ್ ರಕ್ತದಲ್ಲಿ ಏರಿ ಬಿಪಿ ಕುಸಿಯಬಹುದು. ಸ್ಟೆಂಟ್ ಹಾಕಿಸಿಕೊಂಡವರ ಕಥೆ ಇನ್ನೂ ಸೂಕ್ಷ್ಮ. ರಕ್ತ ಹೆಪ್ಪುಗಟ್ಟದಂತೆ ಅವರು ತಗೊಳ್ಳುವ ಮಾತ್ರೆಗಳಲ್ಲಿ ಟಿಕಾಗ್ರೆಲಾರ್ ಏರಿ ರಕ್ತಸ್ರಾವ ಆಗಬಹುದು, ಕ್ಲೋಪಿಡೊಗ್ರೆಲ್ ಉಲ್ಟಾ, ಅದರ ಕೆಲಸವೇ ಕಮ್ಮಿಯಾಗುತ್ತದೆ. ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್ ತಗೊಳ್ಳುತ್ತಿದ್ದರಂತೂ ಅದನ್ನು ನಿಲ್ಲಿಸಲೇಬೇಕು.

ಇನ್ನು ಇಸಿಜಿಯಲ್ಲಿ ಕ್ಯೂಟಿ ಎಂಬ ಅಳತೆ ಇದೆ. ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಿದ್ಧವಾಗಲು ಹಿಡಿಯುವ ಹೊತ್ತು, ಅಂದಾಜಿಗೆ. ಬಡಿತಕ್ಕೆ ಹೊಂದಿಸಿ ಲೆಕ್ಕ ಹಾಕಿದಾಗ ಅದು 500 ಮಿಲಿಸೆಕೆಂಡ್ ದಾಟಿದರೆ ಅಪಾಯದ ಲಯ ಹುಟ್ಟಬಹುದು. 2020ರಲ್ಲಿ ಲೋಪಿನಾವಿರ್, ಹೈಡ್ರಾಕ್ಸಿಕ್ಲೋರೋಕ್ವಿನ್, ಅಜಿತ್ರೋಮೈಸಿನ್ ಕೊಡುತ್ತಿದ್ದ ಕಾಲಕ್ಕೆ ಇದೇ ದೊಡ್ಡ ಭಯ. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಕೂಡ ಇದನ್ನು ಉದ್ದ ಮಾಡುತ್ತದೆ. ಭೇದಿಯಾಗಿ ಪೊಟ್ಯಾಸಿಯಂ ಇಳಿದಿದ್ದರೆ ಮತ್ತಷ್ಟು. ದಿನವೂ ಕಷಾಯ ಅಂತ ಜ್ಯೇಷ್ಠಮಧು ಧಾರಾಳವಾಗಿ ಕುಡಿದರೂ ಪೊಟ್ಯಾಸಿಯಂ ಇಳಿಯುತ್ತದೆ. ಆದರೆ ಕಷಾಯದ ವಿಷಯ ಯಾರೂ ಹೇಳುವುದೇ ಇಲ್ಲ, ಕೇಳಿದರೆ "ಅದು ಔಷಧಿ ಅಲ್ವಲ್ಲ ಡಾಕ್ಟ್ರೇ" ಅನ್ನುತ್ತಾರೆ.

ಅಡ್ಮಿಷನ್ ದಿನ ಆಧಾರ್ ಕಾರ್ಡ್, ಇನ್ಶೂರೆನ್ಸ್ ಕಾರ್ಡ್ ಮರೆಯದೆ ತರುತ್ತಾರೆ. ಮಾತ್ರೆ ಕೇಳಿದರೆ "ಬೆಳಿಗ್ಗೆ ಒಂದು ಬಿಳಿದು, ರಾತ್ರಿ ಒಂದು ಪಿಂಕು". ಸ್ಟ್ರಿಪ್‌ಗಳನ್ನೇ ಒಂದು ಕವರ್‌ಗೆ ಹಾಕಿ ತನ್ನಿ. ಆಗದಿದ್ದರೆ ಹೆಸರು, ಮಿಲಿಗ್ರಾಂ ಕಾಣುವ ಹಾಗೆ ಹಿಂಭಾಗದ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಂಡು ಡ್ಯೂಟಿ ಡಾಕ್ಟರಿಗೆ ತೋರಿಸಿ.