ಹಣ್ಣು ನೊಣ ಯಾವ ಹಣ್ಣಿನಲ್ಲಿ ಮೊಟ್ಟೆ ಇಡುತ್ತದೆ?

ಒಂದು ವಿಷಯದಿಂದ ಶುರು ಮಾಡಿದರೆ ಈ ಪಾಠ ಸುಲಭ. ಹಣ್ಣು ನೊಣದ ಮರಿಹುಳುವಿಗೆ ಕಾಲಿಲ್ಲ. ಮೊಟ್ಟೆ ಬಿದ್ದ ಹಣ್ಣೇ ಅದಕ್ಕೆ ಮನೆ, ಊಟ ಎಲ್ಲ. ಹಾಗಾಗಿ ಹಣ್ಣಿನ ಆಯ್ಕೆ ಪೂರ್ತಿ ತಾಯಿಯದು.

ಪ್ರಯೋಗಾಲಯದ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಕೊಳೆತು ಹುಳಿ ಬಂದ ಹಣ್ಣು ಹುಡುಕುತ್ತದೆ. ಯೀಸ್ಟ್ ವಾಸನೆ ಅದನ್ನು ಎಳೆದು ತರುತ್ತದೆ. ಅದರ ಹತ್ತಿರದ ನೆಂಟ ಡ್ರೊಸೊಫಿಲಾ ಸುಜುಕಿಗೆ ಗಿಡದಲ್ಲೇ ಮಾಗುತ್ತಿರುವ ಚೆರ್ರಿ, ಸ್ಟ್ರಾಬೆರಿ ಬೇಕು. ಯಾಕೆ ಈ ವ್ಯತ್ಯಾಸ? ಸುಜುಕಿ ಹೆಣ್ಣಿನ ಮೊಟ್ಟೆ ಇಡುವ ಅಂಗಕ್ಕೆ ಗರಗಸದಂಥ ಹಲ್ಲುಗಳಿವೆ, ಗಟ್ಟಿ ಸಿಪ್ಪೆಯನ್ನೂ ಸೀಳುತ್ತದೆ. ಅದು ಕುಳಿತೆದ್ದ ಹಣ್ಣನ್ನು ಲೆನ್ಸ್ ಹಿಡಿದು ನೋಡಿ. ಸಣ್ಣ ತೂತು, ಅದರಿಂದ ಹೊರಗೆ ಚಾಚಿದ ಎರಡು ಬಿಳಿ ಎಳೆ. ಮೊಟ್ಟೆ ತಿರುಳಿನೊಳಗೆ ಹುದುಗಿದ್ದರೂ ಆ ಎಳೆಗಳ ಮೂಲಕ ಉಸಿರಾಡುತ್ತದೆ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಮಾವು, ಪೇರಲೆಯನ್ನು ಕಾಡುವ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಬೇರೆಯೇ ಕುಟುಂಬದ್ದು. ನೂರಾರು ಬಗೆಯ ಹಣ್ಣು ಅದಕ್ಕೆ ಆಗುತ್ತದೆ. ಅದೇ ಕುಲದ ಆಲಿವ್ ನೊಣಕ್ಕೆ ಆಲಿವ್ ಬಿಟ್ಟರೆ ಬೇರೆ ಬೇಡ. ಡಾರ್ಸಾಲಿಸ್ ಹೆಣ್ಣು ಎಷ್ಟೋ ಸಲ ಇನ್ನೊಂದು ನೊಣ ಚುಚ್ಚಿದ ತೂತಿನಲ್ಲೇ ಮೊಟ್ಟೆ ಇಡುತ್ತದೆ. ಹೊಸದಾಗಿ ಚುಚ್ಚುವ ಶ್ರಮ ಉಳಿಯಿತು ಅಲ್ವಾ? ಸೇಬಿನ ನೊಣ ರಾಗೊಲೆಟಿಸ್ ಪೊಮೊನೆಲ್ಲಾ ಇದಕ್ಕೆ ಪೂರ್ತಿ ಉಲ್ಟಾ. ಮೊಟ್ಟೆ ಇಟ್ಟ ಮೇಲೆ ಹಿಂಬದಿಯನ್ನು ಹಣ್ಣಿನ ಮೇಲೆ ಎಳೆದಾಡಿ ಒಂದು ರಾಸಾಯನಿಕ ಸವರುತ್ತದೆ. ಬೇರೆ ಹೆಣ್ಣುಗಳಿಗೆ ಅದು 'ಇಲ್ಲಿ ಜಾಗವಿಲ್ಲ' ಎಂಬ ಗುರುತು.

ಪ್ರಯೋಗದ ಪ್ರಶ್ನೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲಿ. ಪಂಜರದಲ್ಲಿ ಒಂದೇ ಹಣ್ಣಿಟ್ಟರೆ ಬೇರೆ ದಾರಿಯಿಲ್ಲದೆ ನೊಣ ಅದರಲ್ಲೇ ಮೊಟ್ಟೆ ಇಡಬಹುದು. ಅದನ್ನು ಇಷ್ಟ ಅಂತ ಬರೆಯಬೇಡಿ. ಹಲವು ಹಣ್ಣು ಒಟ್ಟಿಗೆ ಇಟ್ಟಾಗಲೇ ಒಲವು ತಿಳಿಯುವುದು. ಮೊಟ್ಟೆ ಎಣಿಸಿ ಸುಮ್ನೆ ಬಿಡುವುದೂ ಸಾಲದು. ಮೆಡಿಟರೇನಿಯನ್ ಹಣ್ಣು ನೊಣ ನಿಂಬೆಯನ್ನೂ ಚುಚ್ಚುತ್ತದೆ, ಆದರೆ ಸಿಪ್ಪೆಯ ಎಣ್ಣೆಗೆ ಬಹಳಷ್ಟು ಮೊಟ್ಟೆ, ಮರಿಹುಳು ಸಾಯುತ್ತವೆ. ಆದ್ದರಿಂದ ಕೊನೆಗೆ ಎಷ್ಟು ನೊಣ ಹೊರಬಂದವು ಎಂಬ ಲೆಕ್ಕಕ್ಕೂ ಒಂದು ಕಾಲಂ ಹಾಕಿಕೊಳ್ಳಿ.