ಜೀವಕೋಶದ ಓದು ಡಿಗ್ರಿಯಾಗಿದ್ದು ಹೇಗೆ?

ಮಾಲಿಕ್ಯುಲರ್ ಮತ್ತು ಸೆಲ್ ಬಯಾಲಜಿ (ಜೀವಕೋಶವನ್ನೂ ಅದರೊಳಗಿನ ಅಣುಗಳನ್ನೂ ಕುರಿತ ವಿಜ್ಞಾನ) ಓದಲು ಸೇರಿದವರು ಮೊದಲ ವರ್ಷವೇ ಒಂದು ಪ್ರಶ್ನೆ ಕೇಳುತ್ತಾರೆ: ಇಷ್ಟೆಲ್ಲ ಬಾಯಿಪಾಠ ಮಾಡಲೇಬೇಕಾ? ಪ್ರೋಟೀನನ್ನು ಕಟ್ಟುವ 20 ಅಮೈನೊ ಆಮ್ಲಗಳು, ಗ್ಲೈಕಾಲಿಸಿಸ್‌ನ (ಜೀವಕೋಶ ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವ ಕ್ರಿಯೆ) 10 ಹಂತಗಳು, ಜೀವಕೋಶ ಒಡೆದು ಎರಡಾಗುವಾಗ ಕೆಲಸಕ್ಕಿಳಿಯುವ ಪ್ರೋಟೀನ್‌ಗಳ ಹೆಸರುಗಳು. ಇದರ ಮೇಲೆ ಕೆಮಿಸ್ಟ್ರಿ, ಒಂದಿಷ್ಟು ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಈಗೀಗ ಕೋಡಿಂಗ್ ಬೇರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬೇಕಾದರೆ ಈ ಕೋರ್ಸ್ ಎಲ್ಲಿಂದ ಬಂತು ಅಂತ ನೋಡಬೇಕು. ಈ ವಿದ್ಯೆಗೆ ಅಡಿಪಾಯ ಹಾಕಿದವರು ಯಾರೂ ಇಂಥದ್ದೊಂದು ಡಿಗ್ರಿ ಓದಿರಲಿಲ್ಲ. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಹಿಡಿದುಕೊಂಡು ಲ್ಯಾಬಿನಲ್ಲೇ ಕಲಿತರು. ಆ ಕಲಿಕೆ ಪಾಠವಾಗಿ, ಪಠ್ಯಪುಸ್ತಕವಾಗಿ, ಪರೀಕ್ಷೆಯಾಗಿ ಬದಲಾದಾಗ ಏನೋ ಒಂದು ಕೈತಪ್ಪಿತು. ಅದನ್ನು ಮರಳಿ ತರುವ ಪ್ರಯತ್ನ ಇವತ್ತಿಗೂ ನಡೆದಿದೆ.

ಶುರುವಿನಲ್ಲಿ ಇದು ಒಂದು ವಿಷಯವೇ ಆಗಿರಲಿಲ್ಲ. ಒಂದು ಕಡೆ ನೋಡುವವರಿದ್ದರು. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಚೂರೊಂದನ್ನು ಮೈಕ್ರೋಸ್ಕೋಪಿನಡಿ ಇಟ್ಟು ಪುಟ್ಟ ಪುಟ್ಟ ಗೂಡುಗಳನ್ನು ಕಂಡ. 1838-39ರ ಹೊತ್ತಿಗೆ ಶ್ಲೈಡನ್ ಮತ್ತು ಶ್ವಾನ್ ಗಿಡಗಳೂ ಪ್ರಾಣಿಗಳೂ ಜೀವಕೋಶಗಳಿಂದಲೇ ಆದವು ಎಂದರು. ಹೊಸ ಜೀವಕೋಶ ಹುಟ್ಟುವುದು ಹಳೆಯ ಜೀವಕೋಶದಿಂದಲೇ ಎನ್ನುವುದನ್ನು 1850ರ ದಶಕದಲ್ಲಿ ರುಡಾಲ್ಫ್ ವಿರ್ಕೊ ಗಟ್ಟಿಯಾಗಿ ಹೇಳಿದ.

ಇನ್ನೊಂದು ಕಡೆ ಒಡೆಯುವವರಿದ್ದರು. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್ ಊರಿನ ಹಳೆಯ ಕೋಟೆಯೊಂದರ ಅಡುಗೆಮನೆಯೇ ಫ್ರೀಡ್ರಿಕ್ ಮೀಷರ್‌ನ ಲ್ಯಾಬ್. ಆಸ್ಪತ್ರೆಯವರು ಬಿಸಾಡುವ ಬ್ಯಾಂಡೇಜುಗಳನ್ನು ಅವನು ತರಿಸಿಕೊಳ್ಳುತ್ತಿದ್ದ. ಅವುಗಳಲ್ಲಿನ ಕೀವು ಬಿಳಿ ರಕ್ತಕಣಗಳ ರಾಶಿ, ಅದೇ ಅವನಿಗೆ ಬೇಕಾಗಿದ್ದದ್ದು. ಉಪ್ಪಿನ ದ್ರಾವಣದಲ್ಲಿ ತೊಳೆದು, ಹಂದಿಯ ಹೊಟ್ಟೆಯಿಂದ ತೆಗೆದ ಪೆಪ್ಸಿನ್ ಹಾಕಿ ಪ್ರೋಟೀನನ್ನು ಕರಗಿಸಿದ. ಉಳಿದ ಕೋಶಕೇಂದ್ರಗಳಿಂದ ಬಂದ ವಸ್ತು ಕ್ಷಾರದಲ್ಲಿ ಕರಗಿತು, ಆಮ್ಲ ಹಾಕಿದರೆ ತಳಕ್ಕೆ ಕೂತಿತು. ಅದರಲ್ಲಿ ರಂಜಕ ಜಾಸ್ತಿ ಇತ್ತು, ಯಾವ ಪ್ರೋಟೀನಿಗೂ ಅದು ಹೊಂದುತ್ತಿರಲಿಲ್ಲ. ನ್ಯೂಕ್ಲಿನ್ ಅಂತ ಹೆಸರಿಟ್ಟ. ಇವತ್ತು ನಾವು ಡಿಎನ್‌ಎ ಅನ್ನುತ್ತೇವಲ್ಲ, ಅದು ಮೊದಲು ಕೈಗೆ ಸಿಕ್ಕಿದ್ದು ಹೀಗೆ. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಹಿಂಡಿ, ಒಂದೂ ಜೀವಂತ ಕೋಶವಿಲ್ಲದ ರಸ ತೆಗೆದ. ಆ ರಸ ಸಕ್ಕರೆಯನ್ನು ಹುಳಿಸಿತು. ಜೀವಕೋಶದ ಕೆಲಸವನ್ನು ಜೀವಕೋಶದ ಹೊರಗೂ ಮಾಡಿಸಬಹುದು ಎಂದು ಗೊತ್ತಾದದ್ದು ಆಗ.

ಮೂರನೆಯವರು ತಳಿ ಬೆರೆಸಿ ಲೆಕ್ಕ ಹಾಕುವವರು, ತಳಿಶಾಸ್ತ್ರಜ್ಞರು. ಯೂನಿವರ್ಸಿಟಿಗಳಲ್ಲಿ ಈ ಮೂರು ಗುಂಪಿನವರೂ ಬೇರೆ ಬೇರೆ ಕಟ್ಟಡಗಳಲ್ಲಿ ಕೂತಿದ್ದರು. ನೋಡುವವರು ವೈದ್ಯಕೀಯದಲ್ಲಿ, ಒಡೆಯುವವರು ಕೆಮಿಸ್ಟ್ರಿಯಲ್ಲಿ, ಲೆಕ್ಕ ಹಾಕುವವರು ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರಗಳಲ್ಲಿ. ಒಬ್ಬರ ಪಾಠ ಇನ್ನೊಬ್ಬರ ವಿದ್ಯಾರ್ಥಿಗಳ ಕಿವಿಗೆ ಬೀಳುತ್ತಿದ್ದದ್ದು ಅಪರೂಪ.

ಅವರನ್ನು ಹತ್ತಿರ ತಂದದ್ದರಲ್ಲಿ ದುಡ್ಡಿನ ಪಾತ್ರವೂ ಇತ್ತು. ರಾಕ್‌ಫೆಲರ್ ಫೌಂಡೇಶನ್ನಿನಲ್ಲಿ ವಿಜ್ಞಾನದ ಅನುದಾನ ನೋಡಿಕೊಳ್ಳುತ್ತಿದ್ದ ವಾರೆನ್ ವೀವರ್ ಗಣಿತದ ಮನುಷ್ಯ. ಫಿಸಿಕ್ಸ್ ಕೆಮಿಸ್ಟ್ರಿಗಳ ಸಲಕರಣೆಗಳನ್ನು ಜೀವದ ಕಡೆ ತಿರುಗಿಸಬೇಕು ಎಂದು ಅವನಿಗೆ ಅನ್ನಿಸಿತ್ತು. 1938ರ ವರದಿಯಲ್ಲಿ ಈ ಕೆಲಸಕ್ಕೆ ಮಾಲಿಕ್ಯುಲರ್ ಬಯಾಲಜಿ ಅಂತ ಹೆಸರು ಕೊಟ್ಟದ್ದೂ ಅವನೇ. ಆಗ ಆ ಹೆಸರಿನ ವಿಭಾಗ ಎಲ್ಲೂ ಇರಲಿಲ್ಲ, ಕಲಿಸುವ ತರಗತಿಯೂ ಇರಲಿಲ್ಲ.

ಮೊದಲ ನಿಜವಾದ ತರಗತಿ ಅಂತ ನಾನು ಎಣಿಸುವುದು 1945ರ ಬೇಸಿಗೆಯದ್ದನ್ನು. ಫಿಸಿಕ್ಸ್ ಬಿಟ್ಟು ಜೀವವಿಜ್ಞಾನಕ್ಕೆ ಬಂದ ಮ್ಯಾಕ್ಸ್ ಡೆಲ್‌ಬ್ರುಕ್ ನ್ಯೂಯಾರ್ಕ್ ಹತ್ತಿರದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಒಂದು ಚಿಕ್ಕ ಕೋರ್ಸ್ ಶುರುಮಾಡಿದ. ಕಲಿಸಿದ್ದು ಬ್ಯಾಕ್ಟೀರಿಯೊಫೇಜ್ ಬಗ್ಗೆ, ಅಂದರೆ ಬ್ಯಾಕ್ಟೀರಿಯಾಕ್ಕೆ ಅಂಟುವ ವೈರಸ್. ಮುಖ್ಯ ಪ್ರಯೋಗ ಸರಳವಾದದ್ದು. ವೈರಸ್ಸನ್ನು ಬ್ಯಾಕ್ಟೀರಿಯಾದ ಜೊತೆ ಬೆರೆಸಿ, ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯ ಮೇಲೆ ಸುರಿದು, ರಾತ್ರಿಯಿಡೀ ಬೆಚ್ಚಗೆ ಇಡುವುದು. ಬೆಳಿಗ್ಗೆ ಹೊತ್ತಿಗೆ ತಟ್ಟೆ ತುಂಬ ಬ್ಯಾಕ್ಟೀರಿಯಾ ಬೆಳೆದು ಮಸುಕಾಗಿರುತ್ತದೆ, ನಡುನಡುವೆ ತಿಳಿಯಾದ ಚುಕ್ಕೆಗಳು, ವೈರಸ್ ಬ್ಯಾಕ್ಟೀರಿಯಾವನ್ನು ಕೊಂದ ಜಾಗಗಳು. ಒಂದೊಂದು ಚುಕ್ಕೆಯೂ ಒಂದೇ ವೈರಸ್ ಕಣದಿಂದ ಶುರುವಾದದ್ದು. ಕಣ್ಣಿಗೆ ಕಾಣದ್ದನ್ನು ಬೆರಳಿಟ್ಟು ಎಣಿಸಬಹುದು! ಪರಮಾಣು ವಿಜ್ಞಾನಿ ಲಿಯೊ ಜಿಲಾರ್ಡ್ 1947ರಲ್ಲಿ ಇಲ್ಲಿಗೆ ವಿದ್ಯಾರ್ಥಿಯಾಗಿ ಬಂದ. ಮರುವರ್ಷ ಇನ್ನೊಬ್ಬ ಭೌತವಿಜ್ಞಾನಿ ಸೀಮೋರ್ ಬೆನ್ಜರ್ ಬಂದ. ಕಲಿತವರು ತಂತಮ್ಮ ಊರಿಗೆ ಹೋಗಿ ಲ್ಯಾಬ್ ಕಟ್ಟಿದರು.

ಮುಂದಿನ ಹತ್ತು ವರ್ಷದ ದೊಡ್ಡ ಪ್ರಯೋಗಗಳನ್ನು ಯಾರು ಮಾಡಿದರು ಅಂತ ನೋಡಿದರೂ ಇದೇ ಕಥೆ. 1952ರಲ್ಲಿ ಆಲ್ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ಸೇರಿ ಫೇಜಿನ (ಅದೇ ಬ್ಯಾಕ್ಟೀರಿಯೊಫೇಜ್) ವಂಶದ ಮಾಹಿತಿ ಇರುವುದು ಡಿಎನ್‌ಎಯಲ್ಲಿ, ಪ್ರೋಟೀನಿನಲ್ಲಲ್ಲ ಎಂದು ತೋರಿಸಿದರು. ಬ್ಯಾಕ್ಟೀರಿಯಾಕ್ಕೆ ಅಂಟಿದ್ದ ವೈರಸ್ಸಿನ ಖಾಲಿ ಚಿಪ್ಪುಗಳನ್ನು ಬಿಡಿಸಲು ಅವರು ಬಳಸಿದ್ದು ಮಿಕ್ಸಿ. ಮಾರ್ಥಾ ಚೇಸ್ ಆಗಿನ್ನೂ ಬರೀ ಡಿಗ್ರಿ ಮುಗಿಸಿದ್ದ ಲ್ಯಾಬ್ ಸಹಾಯಕಿ. ಅದೇ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಿಎನ್‌ಎಯ ಪ್ರಸಿದ್ಧ ಎಕ್ಸ್-ರೇ ಚಿತ್ರ ಬಂತು. ತೆಗೆದದ್ದು ರೇಮಂಡ್ ಗೋಸ್ಲಿಂಗ್ ಎಂಬ ಪಿಎಚ್‌ಡಿ ವಿದ್ಯಾರ್ಥಿ, ಮಾರ್ಗದರ್ಶನ ರೊಸಾಲಿಂಡ್ ಫ್ರಾಂಕ್ಲಿನ್ ಅವರದ್ದು. ಅವರು ಕೆಮಿಸ್ಟ್ರಿಯವರು. 1953ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಎರಡೆಳೆಯ ಸುರುಳಿಯ ಮಾದರಿ ಕಟ್ಟಿದ ವಾಟ್ಸನ್ ಮತ್ತು ಕ್ರಿಕ್ ಕೆಲಸ ಮಾಡುತ್ತಿದ್ದದ್ದು ಕ್ಯಾವೆಂಡಿಶ್‌ನಲ್ಲಿ, ಅದು ಫಿಸಿಕ್ಸ್ ಲ್ಯಾಬ್. ಕ್ರಿಕ್‌ಗೆ ಆಗ 36 ವರ್ಷ, ಇನ್ನೂ ಪಿಎಚ್‌ಡಿ ಆಗಿರಲಿಲ್ಲ. ಮಾದರಿ ಕಟ್ಟಲು ನೆರವಾದ ಆ ಎಕ್ಸ್-ರೇ ಚಿತ್ರವನ್ನು ಫ್ರಾಂಕ್ಲಿನ್‌ಗೆ ತಿಳಿಯದಂತೆಯೇ ವಾಟ್ಸನ್‌ಗೆ ತೋರಿಸಲಾಗಿತ್ತು. ಇದನ್ನು ಈಗಿನ ತರಗತಿಗಳಲ್ಲಿ ಬಾಯಿಬಿಟ್ಟು ಹೇಳುತ್ತಾರೆ. ಹೇಳಲೇಬೇಕು.

ನೋಡುವವರ ಕಡೆಯೂ ಸುಮ್ನೆ ಇರಲಿಲ್ಲ. 1945ರಲ್ಲಿ ಕೀತ್ ಪೋರ್ಟರ್, ಆಲ್ಬರ್ಟ್ ಕ್ಲೋಡ್ ಮತ್ತು ಅರ್ನೆಸ್ಟ್ ಫುಲಮ್ ಇಡೀ ಜೀವಕೋಶವೊಂದರ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರವನ್ನು ಮೊದಲ ಸಲ ಪ್ರಕಟಿಸಿದರು. ಆದರೆ ನಿಜವಾದ ತಿರುವು ಬಂದದ್ದು ಒಡೆಯುವುದನ್ನೂ ನೋಡುವುದನ್ನೂ ಒಂದೇ ಲ್ಯಾಬ್ ಮಾಡಿದಾಗ. ಜಾರ್ಜ್ ಪಲಾಡೆ ಮತ್ತು ಸಂಗಡಿಗರು ಪಿತ್ತಜನಕಾಂಗದ ಕೋಶಗಳನ್ನು ಒಡೆದು, ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿ, ತಳದಲ್ಲಿ ಕೂತದ್ದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕೆಮಿಸ್ಟ್ರಿಯವರು ಮೈಕ್ರೋಸೋಮ್ ಅನ್ನುತ್ತಿದ್ದ ಕಣಗಳು ಜೀವಕೋಶದೊಳಗಿನ ಪೊರೆಯ ಹರಿದ ತುಂಡುಗಳು ಎಂದು ಗೊತ್ತಾಯಿತು. ಆ ಪೊರೆಗೆ ಅಂಟಿಕೊಂಡ ಚಿಕ್ಕ ಚುಕ್ಕೆಗಳೇ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳು. ಎರಡು ಕಟ್ಟಡಗಳಲ್ಲಿ ಎರಡು ಹೆಸರಿನಿಂದ ಓದುತ್ತಿದ್ದದ್ದು ಒಂದೇ ವಸ್ತುವನ್ನು! ಸೆಲ್ ಬಯಾಲಜಿ ಮತ್ತು ಮಾಲಿಕ್ಯುಲರ್ ಬಯಾಲಜಿಯನ್ನು ಒಟ್ಟಿಗೆ ಕಲಿಸಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಕಾರಣ ಗೊತ್ತಿಲ್ಲ.

ನಂತರ ಎಲ್ಲವೂ ಬೇಗ ಬೇಗ ಆಯಿತು. 1959ರಲ್ಲಿ ಮಾಲಿಕ್ಯುಲರ್ ಬಯಾಲಜಿಗೇ ಒಂದು ಪತ್ರಿಕೆ, 1960ರಲ್ಲಿ ಅಮೆರಿಕದಲ್ಲಿ ಸೆಲ್ ಬಯಾಲಜಿಯ ಸಂಘ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ಜೆನೆಟಿಕ್ ಕೋಡ್‌ನ, ಅಂದರೆ ಯಾವ ಅಮೈನೊ ಆಮ್ಲ ಸೇರಬೇಕು ಎಂದು ಹೇಳುವ ಸಂಕೇತ ಭಾಷೆಯ, ಮೊದಲ ಪದ ಬಿಡಿಸಿದರು. ನಿರೆನ್‌ಬರ್ಗ್, ಹರಗೋಬಿಂದ್ ಖೊರಾನಾ ಮೊದಲಾದವರ ಕೆಲಸದಿಂದ 1966ರ ಹೊತ್ತಿಗೆ 64 ಪದಗಳೂ ತಿಳಿದವು.

ಇಷ್ಟಾದ ಮೇಲೆ ಯೂನಿವರ್ಸಿಟಿಗಳು ಬಾಗಿಲು ತೆರೆಯಲೇಬೇಕಾಯಿತು. ಜಗಳವಿಲ್ಲದೆ ತೆರೆಯಲಿಲ್ಲ. 1956ರಲ್ಲಿ ವಾಟ್ಸನ್ ಹಾರ್ವರ್ಡ್‌ಗೆ ಬಂದಾಗ ಜೀವವಿಜ್ಞಾನದ ಭವಿಷ್ಯ ಅಣುಗಳಲ್ಲೇ ಇದೆ, ಹೊಸ ಹುದ್ದೆಗಳೆಲ್ಲ ಅಲ್ಲಿಗೇ ಹೋಗಬೇಕು ಎಂದು ಪಟ್ಟು ಹಿಡಿದ. ಇರುವೆಗಳ ಅಧ್ಯಯನದಿಂದ ಹೆಸರಾದ ಇ. ಒ. ವಿಲ್ಸನ್ ಆಗ ಅಲ್ಲೇ ಇದ್ದರು. ಇಡೀ ಪ್ರಾಣಿಯನ್ನು, ಕಾಡನ್ನು ಓದುವವರಿಗೆ ಜಾಗ ಉಳಿಸಿಕೊಳ್ಳಲು ಅವರು ಹೋರಾಡಬೇಕಾಯಿತು. ಇಂಥ ತಿಕ್ಕಾಟ ಬೇರೆ ಕಡೆಗಳಲ್ಲೂ ಆಯಿತು. ಕೊನೆಗೆ ಹಳೆಯ ವಿಭಾಗಗಳನ್ನು ಕಲಸಿ ಹೊಸದಾಗಿ ಹಂಚುವುದು ಒಂದು ದಾರಿಯಾಯಿತು. ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯಲ್ಲಿ 1980ರ ದಶಕದಲ್ಲಿ ಹಲವು ಹಳೆಯ ವಿಭಾಗಗಳು ಕರಗಿದವು. ಮಾಲಿಕ್ಯುಲರ್ ಮತ್ತು ಸೆಲ್ ಬಯಾಲಜಿಗೆ ಒಂದು ದೊಡ್ಡ ವಿಭಾಗ ಬಂತು, ಇಡೀ ಜೀವಿಯನ್ನು ಓದುವವರಿಗೆ ಇನ್ನೊಂದು. ಜಾಗದ ಜಗಳ ಒಂದು ಹಂತಕ್ಕೆ ಮುಗಿಯಿತು. ಪ್ರಾಣಿಯ ಬದುಕು ಗೊತ್ತಿಲ್ಲದೆ ಅದರ ಪ್ರೋಟೀನ್ ಮಾತ್ರ ಗೊತ್ತಿರುವ ಪದವೀಧರರು ತಯಾರಾಗುತ್ತಿದ್ದಾರೆ ಎಂಬ ಆತಂಕ ಹಾಗೇ ಉಳಿಯಿತು. ಆ ಆತಂಕ ಸರಿ ಅಂತಲೇ ನನ್ನ ಅಭಿಪ್ರಾಯ.

ಬಾಯಿಪಾಠದ ಭಾರ ಬಂದದ್ದು ಈ ಘಟ್ಟದಲ್ಲೇ. ಹಾರ್ವರ್ಡ್‌ನಲ್ಲಿ ಮಾಡಿದ ಪಾಠಗಳಿಂದ ವಾಟ್ಸನ್ 1965ರಲ್ಲಿ ಒಂದು ಪಠ್ಯಪುಸ್ತಕ ಮಾಡಿದ. 1983ರಲ್ಲಿ ಬ್ರೂಸ್ ಆಲ್ಬರ್ಟ್ಸ್, ವಾಟ್ಸನ್ ಮತ್ತಿತರರು ಸೇರಿ ಜೀವಕೋಶವನ್ನೂ ಅಣುಗಳನ್ನೂ ಒಂದೇ ರಟ್ಟಿನೊಳಗೆ ತಂದರು, ಅದು ಸಾವಿರ ಪುಟ ದಾಟಿತು. ಎರಡೂ ಅದ್ಭುತ ಕೆಲಸಗಳು. ಚಿತ್ರಗಳಿಂದಲೇ ಒಂದಿಡೀ ಪೀಳಿಗೆ ಜೀವಕೋಶವನ್ನು ಅರ್ಥಮಾಡಿಕೊಂಡಿತು. ಆದರೆ ಸಾವಿರ ಪುಟ ಕೈಗೆ ಬಂದಾಗ ಮೇಷ್ಟ್ರಿಗೂ ವಿದ್ಯಾರ್ಥಿಗೂ ಮುಗಿಸುವ ಆತುರ. ಹೇಗೆ ಗೊತ್ತಾಯಿತು ಅನ್ನುವುದು ಹಿಂದೆ ಬಿತ್ತು, ಏನು ಗೊತ್ತಿದೆ ಅನ್ನುವುದು ಮುಂದೆ ಬಂತು.

ಪ್ರಾಕ್ಟಿಕಲ್ ಕೂಡ ಬದಲಾಯಿತು. 1950ರ ದಶಕದಲ್ಲಿ ದ್ರಾವಣವನ್ನು ಗಾಜಿನ ನಳಿಗೆಯಲ್ಲಿ ಬಾಯಿಂದ ಹೀರಿ ಅಳೆಯುತ್ತಿದ್ದರು. ವಿಷ, ರೋಗಾಣು ಎಲ್ಲವನ್ನೂ! ಇದರಿಂದ ರೋಸಿಹೋದ ಹೈನ್ರಿಕ್ ಶ್ನಿಟ್ಗರ್ 1957ರಲ್ಲಿ ಮಾರ್ಬುರ್ಗ್‌ನಲ್ಲಿ ಹೆಬ್ಬೆರಳಿನಿಂದ ಒತ್ತುವ ಪಿಪೆಟ್ ಮಾಡಿದ. 1970ರ ದಶಕದಲ್ಲಿ ಬೇಕಾದ ಅಳತೆಗೆ ತಿರುಗಿಸಿಕೊಳ್ಳುವ ಪಿಪೆಟ್ ಬಂತು. ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲೇ ಕತ್ತರಿಸುವ ಕಿಣ್ವಗಳು ಅಂಗಡಿಯಲ್ಲಿ ಸಿಗುವಂತಾದವು. 1973ರಲ್ಲಿ ಕೋಹೆನ್ ಮತ್ತು ಬೋಯರ್ ತುಂಡರಿಸಿ ಜೋಡಿಸಿದ ಡಿಎನ್‌ಎಯನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿದರು. 1975ರಲ್ಲಿ ವಿಜ್ಞಾನಿಗಳೇ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸೇರಿ ಈ ಕೆಲಸಕ್ಕೆ ಸುರಕ್ಷತೆಯ ನಿಯಮ ಹಾಕಿಕೊಂಡರು. ಕೆಲವೇ ವರ್ಷಗಳಲ್ಲಿ ಇದೇ ಕೆಲಸ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಆಯಿತು.

ಇವತ್ತಿನ ಒಂದು ಮಾಮೂಲಿ ಪ್ರಾಕ್ಟಿಕಲ್ ನೋಡಿ. ಡಿಎನ್‌ಎ ತುಂಡುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಅಗರೋಸ್ ಜೆಲ್ಲಿನ ಗುಂಡಿಗಳಿಗೆ ನೀಲಿ ಬಣ್ಣ ಬೆರೆಸಿದ ಡಿಎನ್‌ಎ ಬಿಡಬೇಕು. ಕೈ ನಡುಗಿದರೆ ತುದಿ ಗುಂಡಿಯ ತಳವನ್ನು ತೂತು ಮಾಡುತ್ತದೆ. ನಿಧಾನಕ್ಕೆ ಒತ್ತಿದರೆ ಬಣ್ಣ ತಾನಾಗಿ ಕೆಳಗಿಳಿದು ಕೂರುತ್ತದೆ, ಯಾಕೆಂದರೆ ಅದಕ್ಕೆ ಭಾರ ಬರಲಿ ಅಂತ ಗ್ಲಿಸರಾಲ್ ಸೇರಿಸಿರುತ್ತಾರೆ. ಕರೆಂಟ್ ಹರಿಸಿದಾಗ ಋಣ ವಿದ್ಯುದಂಶದ ಡಿಎನ್‌ಎ ಧನ ತುದಿಯ ಕಡೆ ಓಡುತ್ತದೆ, ಚಿಕ್ಕ ತುಂಡು ಮುಂದೆ, ದೊಡ್ಡದು ಹಿಂದೆ. ವೈರ್ ಅದಲುಬದಲಾದರೆ ಡಿಎನ್‌ಎ ಹಿಂದಕ್ಕೆ ಓಡಿ ಜೆಲ್ಲಿನಿಂದಲೇ ಹೊರಬೀಳುತ್ತದೆ. ಇದೆಲ್ಲ ಕೈಗೆ ಬರಬೇಕಾದ ವಿದ್ಯೆ, ಒಪ್ಪೋಣ. ಆದರೆ ಯಾವ ಸಾಲಿನಲ್ಲಿ ಎಷ್ಟು ಪಟ್ಟಿ ಬರಬೇಕು ಅನ್ನುವುದು ಶೀಟಿನಲ್ಲಿ ಮೊದಲೇ ಬರೆದಿರುತ್ತದೆ. ಬಾರದಿದ್ದರೆ ಯಾಕೆ ಬರಲಿಲ್ಲ ಅಂತ ಹುಡುಕಲು ಸಮಯವಿಲ್ಲ, ಮುಂದಿನ ಬ್ಯಾಚ್ ಬಾಗಿಲಲ್ಲಿ ನಿಂತಿರುತ್ತದೆ. ಡೆಲ್‌ಬ್ರುಕ್‌ನ ಬೇಸಿಗೆ ತರಗತಿಗೂ ಇದಕ್ಕೂ ಇರುವ ಅಂತರ ಇಷ್ಟೇ, ಆದರೆ ಇದು ದೊಡ್ಡ ಅಂತರ.

ಡಿಗ್ರಿ ವಿದ್ಯಾರ್ಥಿಗಳಿಗೆ ಇನ್ನೇನು ಮಾಡಲು ಆಗುತ್ತದೆ ಅನ್ನುವವರಿಗೆ ಹಡ್ಸನ್ ಫ್ರೀಜ್ ನೆನಪಾಗಬೇಕು. 1966ರಲ್ಲಿ ಡಿಗ್ರಿ ಓದುತ್ತಿದ್ದ ಅವರು ಥಾಮಸ್ ಬ್ರಾಕ್ ಜೊತೆ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯಿಂದ ಒಂದು ಬ್ಯಾಕ್ಟೀರಿಯಾ ಬೆಳೆಸಿದರು. ಸುಡುವ ನೀರಲ್ಲೂ ಬದುಕುವ ಆ ಜೀವಿಯ ಕಿಣ್ವವೇ ಮುಂದೆ ಡಿಎನ್‌ಎಯ ಒಂದು ತುಂಡಿನ ಲಕ್ಷಾಂತರ ಪ್ರತಿ ತೆಗೆಯುವ ಪಿಸಿಆರ್ ತಂತ್ರಕ್ಕೆ ಬೆನ್ನೆಲುಬಾಯಿತು. ಕೋವಿಡ್ ಕಾಲದಲ್ಲಿ ಈ ಪಿಸಿಆರ್ ಹೆಸರು ಕೇಳದವರಿಲ್ಲ.

ಸುಧಾರಣೆಯ ಮಾತು ಜೋರಾದದ್ದು 2000ದ ನಂತರ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2003ರ ವರದಿ ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಗಣಿತ, ಕಂಪ್ಯೂಟಿಂಗ್ ಜಾಸ್ತಿ ಬೇಕು ಎಂದಿತು. 2011ರ ಇನ್ನೊಂದು ವರದಿ ಎಲ್ಲವನ್ನೂ ಮುಗಿಸುವ ಆಸೆ ಬಿಡಿ, ಕೆಲವು ಮೂಲ ವಿಚಾರಗಳನ್ನು ಆಳವಾಗಿ ಕಲಿಸಿ, ಸಂಶೋಧನೆಯನ್ನು ಮೊದಲಿನಿಂದಲೇ ಮಾಡಿಸಿ ಎಂದಿತು. 2008ರಲ್ಲಿ ಶುರುವಾದ ಒಂದು ಕಾರ್ಯಕ್ರಮದಲ್ಲಿ ಮೊದಲ ವರ್ಷದವರು ಮಣ್ಣು ಅಗೆದು ತಂದು, ಅದರಿಂದ ಹೊಸ ಫೇಜ್ ಬೇರ್ಪಡಿಸಿ, ತಾವೇ ಹೆಸರಿಟ್ಟು, ಅದರ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಓದುತ್ತಾರೆ. ಉತ್ತರ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ನೂರಾರು ಮಂದಿಯ ತರಗತಿಗೆ ಇದನ್ನು ಹಬ್ಬಿಸಲು ಖರ್ಚಿದೆ, ಜನ ಬೇಕು. ಹಾಗಾಗಿ ಇದು ಎಲ್ಲ ಕಡೆ ಬಂದಿಲ್ಲ.

ಈ ನಡುವೆ ವಿಷಯವೇ ಇನ್ನಷ್ಟು ಬೆಳೆದಿದೆ. 1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ಡಿಎನ್‌ಎಯ ಅಕ್ಷರಗಳನ್ನು ಓದುವ ಸುಲಭ ದಾರಿ ತೋರಿಸಿದ. 1990ರಲ್ಲಿ ಶುರುವಾದ ಮಾನವ ಜೀನೋಮ್ ಯೋಜನೆ 2003ರಲ್ಲಿ ಮುಗಿದಾಗ ಸುಮಾರು 300 ಕೋಟಿ ಅಕ್ಷರಗಳ ಲೆಕ್ಕ ಕೈಗೆ ಬಂತು. 2012ರಲ್ಲಿ ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸಿ ತಿದ್ದುವ ಸಾಧನ ಕ್ರಿಸ್ಪರ್. ಪ್ರೋಟೀನಿನ ಆಕಾರ ಊಹಿಸುವ ಕಂಪ್ಯೂಟರ್ ಮಾದರಿ ಆಲ್ಫಾಫೋಲ್ಡ್ 2020ರಲ್ಲಿ ಎಲ್ಲರನ್ನೂ ಬೆರಗಾಗಿಸಿತು, 2024ರ ಕೆಮಿಸ್ಟ್ರಿ ನೊಬೆಲ್‌ನಲ್ಲಿ ಅದಕ್ಕೂ ಪಾಲು ಸಿಕ್ಕಿತು. ಇವೆಲ್ಲ ಸಿಲೆಬಸ್ಸಿಗೆ ಸೇರುತ್ತಿವೆ. ತೆಗೆದುಹಾಕುವ ಕೆಲಸ ಮಾತ್ರ ಕಷ್ಟ. ಪ್ರತಿ ಅಧ್ಯಾಯಕ್ಕೂ ಅದನ್ನು ಪ್ರೀತಿಸುವ ಒಬ್ಬ ಮೇಷ್ಟ್ರು ಇದ್ದೇ ಇರುತ್ತಾರೆ, ಅಲ್ವಾ?

ಹಾಗಾದರೆ ಬಾಯಿಪಾಠ ಬೇಕಾ, ಬೇಡ್ವಾ? ಸ್ವಲ್ಪ ಬೇಕು. ಅಮೈನೊ ಆಮ್ಲಗಳ ಗುಣ ತಲೆಯಲ್ಲಿ ಇಲ್ಲದಿದ್ದರೆ, ಒಂದು ಅಕ್ಷರ ಬದಲಾದಾಗ ಪ್ರೋಟೀನ್ ಯಾಕೆ ಕೆಡುತ್ತದೆ ಅಂತ ಯೋಚಿಸಲು ಆಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಪ್ರೋಟೀನಿನಲ್ಲಿ ನೀರನ್ನು ಇಷ್ಟಪಡುವ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ನೀರನ್ನು ದೂರವಿಡುವ ವ್ಯಾಲಿನ್ ಬಂದದ್ದಕ್ಕೇ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುವ ಸಿಕಲ್ ಸೆಲ್ ಕಾಯಿಲೆ ಬರುವುದು. ಆದರೆ ಹತ್ತು ಹಂತಗಳ ಹೆಸರು ಸಾಲಾಗಿ ಒಪ್ಪಿಸುವುದು ಬೇರೆ. ಯಾವ ಹಂತವನ್ನು ತಡೆದರೆ ಏನಾಗುತ್ತದೆ, ಅದನ್ನು ಹೇಗೆ ಪರೀಕ್ಷಿಸುವುದು ಅಂತ ಹೇಳುವುದು ಬೇರೆ. ಈ ಕೋರ್ಸ್ ಸೇರಲು ಹೊರಟವರು ವಿಭಾಗದ ಹೆಸರು, ಕಟ್ಟಡ ನೋಡಿ ಬರಬೇಡಿ. ಅಲ್ಲಿ ಓದುತ್ತಿರುವವರನ್ನು ಹಿಡಿದು ಕೇಳಿ: ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಯೋಗವನ್ನು ಮೊದಲು ಯಾವ ವರ್ಷ ಮಾಡಿದಿರಿ? ಪ್ರಯೋಗ ಕೆಟ್ಟಾಗ ಮತ್ತೆ ಮಾಡಲು ಸಮಯ ಕೊಟ್ಟರಾ? ಪರೀಕ್ಷೆಯಲ್ಲಿ ಹಿಂದೆ ನೋಡಿರದ ಜೆಲ್ ಚಿತ್ರ ಕೊಟ್ಟು ಇದರಿಂದ ಏನು ತಿಳಿಯುತ್ತದೆ ಅಂತ ಕೇಳುತ್ತಾರಾ?